ಬೆನ್ನು ಹಾಕಿ ಕೂತು ಕೇಳ್ರಿ

ಅವರ ಬಲಗಿವಿಯ ಮಡಿಕೆಯಲ್ಲಿ ಯಾವಾಗಲೂ ಅತ್ತರಿನ ಹತ್ತಿಯ ಒಂದು ಸಣ್ಣ ಉಂಡೆ ಇರುತ್ತಿತ್ತು. ಕಡಲೆಕಾಳಿನಷ್ಟು ಗಾತ್ರ. ಬೆಳಿಗ್ಗೆ ಬೆಳ್ಳಗಿದ್ದದ್ದು ಸಂಜೆಗೆ ಅಂಗಡಿಯ ಧೂಳು ಕುಡಿದು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಯಾರಾದರೂ ಪ್ಲೇಯರನ್ನೋ ಸ್ಪೀಕರನ್ನೋ ಹೊತ್ತು ತಂದು ಆವಾಜ ಸರಿಯಿಲ್ಲ ಎಂದರೆ ಅವರು ಮೊದಲು ಸ್ಕ್ರೂ ಬಿಚ್ಚುತ್ತಿರಲಿಲ್ಲ. ಆ ಹತ್ತಿಯನ್ನು ತೆಗೆದು ಮೇಜಿನ ಅಂಚಿಗೆ ಇಡುತ್ತಿದ್ದರು. "ಕೇಳೂವಾಗ ಕಿವಿಗಿ ಬ್ಯಾರೆ ಕೆಲಸ ಇರಬಾರ್ದು" ಎನ್ನುತ್ತಿದ್ದರು. ಅತ್ತರು ಮೂಗಿಗಲ್ಲವೇ ಕೆಲಸ ಕೊಡುವುದು ಎಂದು ನಾನು ಒಮ್ಮೆ ಕೇಳಿದ್ದೆ. "ಸೈನ್ಸ್ ಓದಿದವರ ಕೂಡ ಮಾತಾಡೂದು ಭಾಳ ಕಷ್ಟ ಬೇಟಿ" ಎಂದು ನಕ್ಕಿದ್ದರು.

ಬೀದರಿನ ಚೌಬಾರಾದಿಂದ ಇಳಿದು ಹೋಗುವ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಪಕ್ಕಕ್ಕೆ ಒಂದು ಚಹಾದ ಹೋಟೆಲು. ಹಳೆಯ ರೇಡಿಯೊ, ಆಂಪ್ಲಿಫೈಯರ್, ಡಿಸ್ಕ್ ಪ್ಲೇಯರ್‌ಗಳನ್ನು ರಿಪೇರಿ ಮಾಡುತ್ತಿದ್ದರು, ಒಂದಿಷ್ಟನ್ನು ಮಾರುತ್ತಿದ್ದರು. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತೇನೆ. ಹೆಸರು ಬರೆಯುವುದಿಲ್ಲ, ಅದಕ್ಕೆ ಕಾರಣ ಮುಂದೆ ಬರುತ್ತದೆ. ಇದನ್ನು ಅಕ್ಕರೆಯ ನೆನಪು ಎಂದು ಯಾರೂ ಓದಬೇಡಿ. ಅವರ ಬಗ್ಗೆ ಅಕ್ಕರೆಯಿಂದ ಬರೆಯುವ ಹಕ್ಕನ್ನು ನನ್ನ ನಾಲಿಗೆಯಿಂದಲೇ ಕಳೆದುಕೊಂಡವಳು ನಾನು.

ಮಾರುವುದಕ್ಕೆ ಕೂತವನೇ ಬೇಡ ಎನ್ನುವುದನ್ನು ನಾನು ಅವರಲ್ಲಿ ಮಾತ್ರ ಕಂಡೆ. ಮನೆಯಲ್ಲಿ ಹೋಮ್ ಥಿಯೇಟರ್ ಇಟ್ಟುಕೊಂಡವರಿಗೆಲ್ಲ ಒಂದು ರೋಗ ಇರುತ್ತದೆ. ಮೊದಲ ಆರು ತಿಂಗಳು ಬಂದವರಿಗೆಲ್ಲ ಕೂರಿಸಿ ಕೇಳಿಸುತ್ತಾರೆ. ಆಮೇಲೆ ಅದೇ ಶಬ್ದ ಸಪ್ಪೆ ಅನ್ನಿಸತೊಡಗುತ್ತದೆ. ಐದು ಸ್ಪೀಕರನ್ನು ಬದಲಿಸುವುದು ದೊಡ್ಡ ಮಾತು, ಆದ್ದರಿಂದ ಅನುಮಾನವೆಲ್ಲ ಪಾಪದ ಡಿಸ್ಕ್ ಪ್ಲೇಯರಿನ ಮೇಲೆ ಬೀಳುತ್ತದೆ. ಅಂಥವರು ಬಂದು "ಉಸ್ತಾದ್, ದೊಡ್ಡ ಪ್ಲೇಯರ್ ತಗೊಂಡ್ರ ಆವಾಜ ಸುಧಾರಿಸ್ತದೇನ್ರಿ?" ಎಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು.

"ಟಪಾಲಿನಂವ ಹೊಸಾ ಸೈಕಲ್ ತಗೊಂಡ್ರ ನಿಮ್ಮ ಪತ್ರದಾಗಿನ ಸುದ್ದಿ ಸುಧಾರಿಸ್ತದೇನ್ರಿ?"

ಆಮೇಲೆ ತಾಳ್ಮೆಯಿಂದ ತಿಳಿಸಿ ಹೇಳುತ್ತಿದ್ದರು. ಪ್ಲೇಯರು ಡಿಸ್ಕಿನಲ್ಲಿ ಬರೆದ ಅಂಕಿಗಳನ್ನು ಓದುತ್ತದೆ, ವೈರಿನ ಮೂಲಕ ಹಾಗೇ ದಾಟಿಸುತ್ತದೆ. ಅದನ್ನು ಶಬ್ದ ಮಾಡುವುದು ಹೋಮ್ ಥಿಯೇಟರಿನ ಡಬ್ಬಿ, ಹೊರಗೆ ಹಾಕುವುದು ಸ್ಪೀಕರು. ಹಳೆಯ ಪ್ಲೇಯರು ಕೆಟ್ಟಿದ್ದರೆ ಬೇರೆ ಮಾತು, ಡಿಸ್ಕೇ ಬೇರೆ ಜಾತಿಯದಾಗಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಪ್ಲೇಯರ್ ಬದಲಿಸುವುದು ಬರೀ ಮನಸ್ಸಿನ ಸಮಾಧಾನ. "ಮದಲ ಮನ್ಯಾಗಿನ ಗ್ವಾಡಿಗಿ ಒಂದ್ ಕೌದಿ ಕಟ್ರಿ. ಆಮ್ಯಾಲ ನನ್ನ ಕಡಿ ಬರ್ರಿ."

ಅಷ್ಟಕ್ಕೂ ಒಪ್ಪದವರಿಗೆ ಒಂದು ಸ್ಟೂಲು ಇತ್ತು. ಗಲ್ಲಿಯ ಕಡೆ ಮುಖ ಮಾಡಿ, ಮೇಜಿಗೆ ಬೆನ್ನು ಕೊಟ್ಟು ಅದರ ಮೇಲೆ ಕೂರಬೇಕು. "ಬೆನ್ನು ಹಾಕಿ ಕೂತು ಕೇಳ್ರಿ. ಕಣ್ಣಿಗಿ ಹೊಸಾದು ಕಂಡ್ರ ಕಿವಿ ಸುಳ್ಳು ಹೇಳ್ತದ" ಎನ್ನುತ್ತಿದ್ದರು. ಹಿಂದೆ ನಿಂತು ಒಂದೇ ಡಿಸ್ಕನ್ನು ಹಳೆಯ ಪ್ಲೇಯರಿನಲ್ಲೊಮ್ಮೆ, ಹೊಸ ಪ್ಲೇಯರಿನಲ್ಲೊಮ್ಮೆ ಹಾಕುತ್ತಿದ್ದರು. ಶಬ್ದದ ಮಟ್ಟ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳುತ್ತಿದ್ದರು, ಯಾಕೆಂದರೆ ಸ್ವಲ್ಪ ಜೋರಾದದ್ದನ್ನೇ ಜನ ಚಂದ ಅನ್ನುತ್ತಾರೆ. ಯಾವುದು ಹೊಸದು ಹೇಳ್ರಿ ಎಂದರೆ ದೊಡ್ಡ ದೊಡ್ಡ ಶೋಕಿಯವರೂ ಹಳೆಯದಕ್ಕೆ ಬೆರಳು ತೋರಿಸಿ ನಗೆಪಾಟಲಾಗುತ್ತಿದ್ದರು. ಕೊಳ್ಳಲು ಬಂದವರು ಕೊಳ್ಳದೆ, ಆದರೆ ಪಕ್ಕದ ಹೋಟೆಲಿನಲ್ಲಿ ಉಸ್ತಾದರಿಗೂ ಒಂದು ಚಹಾ ಹೇಳಿ ಹೋಗುತ್ತಿದ್ದರು. ಆ ಸ್ಟೂಲೇ ಅವರ ಹೆಸರು, ಅದೇ ಅವರ ಬದುಕು.

ನಾನು ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಪ್ಪ ಸಂಗೀತ ಮಾಸ್ತರು. ಶಾಲೆಯಿಂದ ನಿವೃತ್ತರಾದ ಮೇಲೂ ಪ್ರತಿ ಸಂಜೆ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಹಿಡಿದು ವಚನ ಹಾಡಿಸುತ್ತಿದ್ದರು. ನಿವೃತ್ತಿಯ ದಿನ ಹಳೆಯ ಶಿಷ್ಯರೆಲ್ಲ ಸೇರಿ ಒಂದು ಹೋಮ್ ಥಿಯೇಟರ್ ಕೊಟ್ಟರು. ಅದನ್ನು ಜೋಡಿಸಲು ಉಸ್ತಾದರು ಬೀದರಿನಿಂದ ಬಸ್ಸು ಹತ್ತಿ ಬಂದಿದ್ದರು. ಇಡೀ ಮಧ್ಯಾಹ್ನ ಸ್ಪೀಕರುಗಳನ್ನು ಗೇಣು ಗೇಣು ಸರಿಸಿ, ಕೊನೆಗೆ ಅವ್ವ ಹೊಲಿದಿಟ್ಟು ಹೋದ ಕೌದಿಯೊಂದನ್ನು ಕೇಳಿ ತೆಗೆಸಿ ಗೋಡೆಗೆ ಕಟ್ಟಿದರು. ಶಬ್ದ ನಿಜವಾಗಿಯೂ ತಿಳಿಯಾಯಿತು. ಅವ್ವನ ಕೌದಿ ಗೋಡೆಯ ಮೇಲೆ ಕಂಡು ಅಪ್ಪನ ಕಣ್ಣು ತುಂಬಿತು. "ಮಾಸ್ತರ್ ಸಾಬ್, ಇನ್ನ ಹತ್ತ್ ವರ್ಷ ಇದ್ರಾಗ ಏನೂ ಬದಲಿ ಮಾಡಬ್ಯಾಡ್ರಿ" ಎಂದು ಹೇಳಿ ಹೋದರು.

ಅಂಥವರು ಮುಂದೆ ಒಂದೇ ವರ್ಷದಲ್ಲಿ ಅಪ್ಪನಿಗೆ ಮೂರು ಸಲ ಪ್ಲೇಯರ್ ಬದಲಿಸಿ ಕೊಟ್ಟರು.

ಶುರುವಾಗಿದ್ದು ಶಬ್ದದ ಜಗಳದಿಂದ. ಅಪ್ಪ ಡಿಸ್ಕ್ ಹಾಕಿದರೆ ಓಣಿಯೆಲ್ಲ ಕೇಳುವಷ್ಟು ಜೋರು ಇಡತೊಡಗಿದರು. ಎದುರು ಮನೆಯವರು ಬಂದು ಹೇಳಿದರು, ನಾನು ರೇಗಿದೆ. "ಮಾತು ಚೊಕ್ಕ ಕೇಳವಲ್ವು ಯವ್ವಾ. ಪ್ಲೇಯರ್ ಹಳೇದಾಗ್ಯದ" ಎಂದರು ಅಪ್ಪ. ಬೀದರಿಗೆ ಹೋಗಿ ಬಂದರು, ಕೈಯಲ್ಲಿ ಬೇರೆ ಪ್ಲೇಯರ್. ಎರಡು ತಿಂಗಳು ಸುಮ್ಮನಿದ್ದು ಮತ್ತೆ ಅದೇ ದೂರು, ಮತ್ತೆ ಬೀದರು, ಮತ್ತೊಂದು ಪ್ಲೇಯರ್. ಉಸ್ತಾದರು ಏನೆಂದರು ಅಂತ ಕೇಳಿದರೆ ಅಪ್ಪ ಹಾರ್ಮೋನಿಯಂ ಒರೆಸುತ್ತ, "ಬದಲಿ ಮಾಡ್ರಿ ಅಂದ್ರು" ಎನ್ನುತ್ತಿದ್ದರು.

ಮೂರನೆಯದು ಬಂದ ದಿನ ಅದರ ಧೂಳು ಒರೆಸುವಾಗ ನನ್ನ ಕೈ ನಿಂತಿತು. ಮುಂದಿನ ಪ್ಲಾಸ್ಟಿಕ್ ಅಂಚಿನ ಮೇಲೆ ಹುಣಸೆ ಬೀಜದಷ್ಟು ಸುಟ್ಟ ಕಲೆ. ಡಿಸ್ಕ್ ಹಾಕುವ ಮೊದಲು ಪ್ಲೇಯರಿಗೇ ಊದುಬತ್ತಿ ಹಚ್ಚಿಡುವುದು ಅಪ್ಪನ ರೂಢಿ; ಒಮ್ಮೆ ಬತ್ತಿ ವಾಲಿ ಅಲ್ಲಿ ಸುಟ್ಟಿತ್ತು. ಅದು ನಮ್ಮದೇ ಮೊದಲ ಪ್ಲೇಯರು. ಒರೆಸಿ, ಎಣ್ಣೆ ಹಾಕಿ, ನಮಗೇ ವಾಪಸು ಕಳಿಸಿದ್ದರು.

ನಾನು ಒಂದು ಮಾತು ಅಪ್ಪನನ್ನು ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಸಿಟ್ಟು ಬಂದರೆ ಬುದ್ಧಿ ಹಿತ್ತಲ ಬಾಗಿಲಿನಿಂದ ಹೋಗುತ್ತದೆ, ಇದು ನಮ್ಮ ಶಾಲೆಯ ಜವಾನನಿಗೂ ಗೊತ್ತು. ಭಾನುವಾರ ಪ್ಲೇಯರನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಮೋಸ ಹೋದವಳ ಸಿಟ್ಟಿಗಿಂತ, ಮೋಸ ಹಿಡಿದವಳ ಹುಮ್ಮಸ್ಸೇ ಆ ದಿನ ನನ್ನಲ್ಲಿ ಹೆಚ್ಚಿತ್ತು ಎಂದು ಈಗ ಅನ್ನಿಸುತ್ತದೆ.

ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಒಬ್ಬ ಸ್ಟೂಲಿನ ಮೇಲೆ ಬೆನ್ನು ಹಾಕಿ ಕೂತಿದ್ದ. ಹೋಟೆಲಿನವನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ಪ್ಲೇಯರನ್ನು ಮೇಜಿನ ಮೇಲೆ ಇಟ್ಟೆ.

"ಇದು ಯಾರದು ಹೇಳ್ರಿ ಉಸ್ತಾದ್."

ಅವರು ಕಲೆಯನ್ನು ನೋಡಿದರು. ಹೆಬ್ಬೆರಳನ್ನು ಅದರ ಮೇಲೆ ಇಟ್ಟರು. "ಒಳಗ ಬಾ ಬೇಟಿ. ಮದಲ ಚಹಾ ಕುಡಿ."

"ಚಹಾ ಬ್ಯಾಡ್ರಿ. ನಮ್ಮ ಪ್ಲೇಯರ್ ನಮಗೇ ಹೊಸಾದು ಅಂತ ಕೊಟ್ಟೀರಿ. ಅಪ್ಪ ಮುದುಕ ಮನುಷ್ಯಾ, ಗೊತ್ತಾಗಂಗಿಲ್ಲ ಅಂತ ತಿಳ್ಕೊಂಡ್ರೇನು? ಮಂದಿಗಿ ಬೆನ್ನು ಹಾಕಿ ಕೂಡ್ಸೂದು ಇದ್ಕೇನ್ರಿ? ಹಿಂದ ನಿಂತು ನೀವು ಏನ್ ಮಾಡ್ತೀರಿ ಅಂತ ಯಾರಿಗಿ ಗೊತ್ತದ?"

ಸ್ಟೂಲಿನ ಮೇಲೆ ಕೂತಿದ್ದವನು ಕುತ್ತಿಗೆ ಹೊರಳಿಸಿ ಹಿಂದಕ್ಕೆ ನೋಡಿದ. ಅಷ್ಟು ವರ್ಷಗಳಲ್ಲಿ ಆ ಸ್ಟೂಲಿನ ಮೇಲೆ ಕೂತವರು ಯಾರೂ ಹಾಗೆ ಹಿಂದಿರುಗಿ ನೋಡಿರಲಿಲ್ಲ. ಉಸ್ತಾದರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ "ತಪ್ಪಾತ್ರಿ" ಎಂದರು. ಅಷ್ಟೇ. ಜನಕ್ಕೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ, ನನಗೂ ಬೇಕಿರಲಿಲ್ಲ.

ಅದನ್ನು ನಾನು ಅಲ್ಲಿಗೇ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್ಸಿನಲ್ಲಿ ಹೇಳಿದೆ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ ಹೇಳಿದೆ. ಚೆನ್ನಾಗಿ ಹೇಳುತ್ತಿದ್ದೆ, ಜನ ನಗುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುವವಳು ನಾನೇ. ಒಂದು ವರ್ಷದೊಳಗೆ ಆ ಅಂಗಡಿಗೆ ಬೀಗ ಬಿತ್ತು ಎಂದು ಯಾರೋ ಹೇಳಿದರು. ಈಗ ಯಾರು ಡಿಸ್ಕ್ ಹಾಕುತ್ತಾರೆ, ಎಲ್ಲ ಮೊಬೈಲಿಗೇ ಬಂದಿದೆ, ಅದಕ್ಕೇ ಮುಚ್ಚಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಒಂದು ಕಾರಣ ಇರಬಹುದು. ಆದರೆ ಅದೇ ಗಲ್ಲಿಯ ಎರಡು ರಿಪೇರಿ ಅಂಗಡಿಗಳು ಇವತ್ತಿಗೂ ನಡೆಯುತ್ತಿವೆ.

ಅಪ್ಪ ಆ ವರ್ಷವೆಲ್ಲ ಏನೂ ಅನ್ನಲಿಲ್ಲ. ನಾನು ಉಸ್ತಾದರ ಕತೆ ಹೇಳಿ ನಗಿಸುವಾಗ ಅವರು ಎದ್ದು ಒಳಗೆ ಹೋಗುತ್ತಿದ್ದರು.

ಕೊನೆಗೆ ನಾನೇ ದೊಡ್ಡ ಅಂಗಡಿಯಿಂದ ಒಂದು ಹೊಸ ಪ್ಲೇಯರ್ ತಂದೆ. ಉಸ್ತಾದರ ಆಟವನ್ನು ಅವರ ಮೇಲೆಯೇ ತಿರುಗಿಸುವ ಹುರುಪು. "ಅಪ್ಪಾ, ಬೆನ್ನು ಹಾಕಿ ಕೂಡ್ರಿ. ಖರೆ ಹೊಸಾದು ಹ್ಯಾಂಗಿರ್ತದ ನೋಡ್ರಿ" ಎಂದೆ. ಅಪ್ಪ ಬೇಡ ಬೇಡ ಎನ್ನುತ್ತಲೇ ಕೌದಿಯ ಗೋಡೆಯ ಕಡೆ ಮುಖ ಮಾಡಿ ಕೂತರು. ಮೊದಲು ಊದುಬತ್ತಿ ಕಲೆಯ ಪ್ಲೇಯರಿನಲ್ಲಿ ಹಾಕಿದೆ, ಎದುರು ಮನೆಯವರಿಗೆ ತೊಂದರೆಯಾಗದಷ್ಟು ಮೆಲ್ಲಗೆ. ಅಪ್ಪ ತಲೆಯಾಡಿಸಿದರು. ಆಮೇಲೆ ಹೊಸದಕ್ಕೆ ಬದಲಿಸಿದೆ. ವೈರು ಸರಿಯಾಗಿ ಕೂತಿರಲಿಲ್ಲ, ಸ್ಪೀಕರಿನಿಂದ ಒಂದು ಚೂರೂ ಶಬ್ದ ಬರಲಿಲ್ಲ. ನಾನು ಬಗ್ಗಿ ವೈರು ಹುಡುಕುತ್ತಿದ್ದೆ. ಮನೆಯೆಲ್ಲ ನಿಶ್ಶಬ್ದ.

ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತ, ತಲೆ ತೂಗುತ್ತ, "ಹಾಂ, ಈಗ ಛಲೋ ಬಂತು ನೋಡು. ಒಂದೊಂದ್ ಮಾತೂ ಚೊಕ್ಕ ಕೇಳ್ಲಕತ್ತದ" ಎಂದರು.

ನಾನು ವೈರು ಹಿಡಿದು ಕೂತಲ್ಲೇ ಕೂತೆ. ಹತ್ತನೇ ತರಗತಿಗೆ ಕಿವಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸುವವಳು ನಾನು. ಒಂದೇ ಸೂರಿನಡಿ ಇದ್ದ ಅಪ್ಪನ ಕಿವಿ ಹೋಗಿದ್ದು ನನಗೆ ತಿಳಿದಿರಲಿಲ್ಲ. ಅವರು ನನ್ನ ತುಟಿ ನೋಡಿ ಮಾತಾಡುತ್ತಿದ್ದರು, ಮಕ್ಕಳ ಬಾಯಿ ನೋಡಿ ಹಾಡಿಸುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತೆ. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು.

"ಉಸ್ತಾದಗ ಮದಲನೇ ದಿನಾನೇ ಗೊತ್ತಾತು" ಎಂದರು. "ಸ್ಟೂಲ್ ಮ್ಯಾಲ ಕೂಡ್ಸಿ, ಹಿಂದ ನಿಂತು ನನ್ನ ಹೆಸರ್ ಹಿಡ್ದು ಕರದ್ರಂತ. ನಾ ತಿರುಗಿಲ್ಲ. ಡಾಕ್ಟರ್ ಕಡಿ ಹೋಗ್ರಿ ಅಂದ್ರು. ಯಾರಿಗೂ ಹೇಳಬ್ಯಾಡ್ರಿ ಅಂತ ನಾನೇ ಅವರ ಕೈ ಹಿಡ್ಕೊಂಡೆ. ಮನ್ಯಾಗ ಏನರೆ ಹೇಳ್ಬೇಕಲ್ಲಾ, ಅದ್ಕ ಪ್ಲೇಯರ್ ಬದಲಿ ಮಾಡ್ಕೊಡ್ರಿ ಅಂದೆ. ತಮ್ಮ ಕಪಾಟಿನಾಗಿಂದು ಕೊಡ್ತಿದ್ರು, ನಮ್ಮದು ಇಟ್ಕೋತಿದ್ರು. ಮೂರನೇ ಸಲ ನಮ್ಮದೇ ತಿರುಗಿ ಕೊಟ್ರು, ರೊಕ್ಕಾ ಒಂದ್ ಪೈಸಾನೂ ಮುಟ್ಟಿಲ್ಲ."

"ನಾ ಅಂಗಡಿ ಮುಂದ ಅವರಿಗಿ ಬೈದು ಬಂದಾಗರೆ ಹೇಳಬೇಕಿತ್ತಲ್ಲ ಅಪ್ಪಾ?" ಕೂಗಿದೆ. ಕೂಗಲೇಬೇಕಿತ್ತು.

"ಹೇಳಿದ್ರ? ಕಿವುಡ ಮಾಸ್ತರನ ಕಡಿ ಯಾರ ಮಕ್ಕಳಿಗಿ ಕಳಸ್ತಾರ?"

ಒಬ್ಬರ ಹೆಸರು ಉಳಿಯಬೇಕಾದರೆ ಇನ್ನೊಬ್ಬರದು ಹೋಗಬೇಕಿತ್ತು. ಅಪ್ಪ ತಮ್ಮದನ್ನು ಉಳಿಸಿಕೊಂಡರು. ಅವರ ಮೇಲಿನ ಸಿಟ್ಟು ಇವತ್ತಿಗೂ ನನಗೆ ಪೂರ್ತಿ ಇಳಿದಿಲ್ಲ.

ಉಸ್ತಾದರು ಔರಾದಿನಲ್ಲಿ ಮಗಳ ಮನೆಯಲ್ಲಿದ್ದಾರೆಂದು ಪತ್ತೆ ಮಾಡಿದೆ. ಬರ್ರಿ ಎಂದರೆ ಅಪ್ಪ ಬರಲಿಲ್ಲ. ಬೀದರಿಗೆ ಬಂದು ಅಲ್ಲಿಂದ ಬಸ್ಸು ಹಿಡಿದೆ. ಜನವಾಡ ದಾಟುವಾಗಿನಿಂದ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಅಳಿಸುತ್ತ ಕೂತಿದ್ದೆ. ಅವರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಯಾರದೋ ಮಿಕ್ಸರ್ ಬಿಚ್ಚುತ್ತಿದ್ದರು. ತುಂಬ ಇಳಿದು ಹೋಗಿದ್ದರು. ಕಿವಿಯಲ್ಲಿ ಹತ್ತಿ ಇತ್ತು. ನನ್ನನ್ನು ನೋಡಿ, "ಬರ್ರಿ ಮೇಡಂ" ಎಂದರು. ಅಷ್ಟು ವರ್ಷ ಬೇಟಿ ಎಂದ ಬಾಯಿಂದ ಆ ಮೇಡಂ ಕೇಳಿದ್ದು ನನಗೆ ಕಪಾಳಕ್ಕೆ ಹೊಡೆದಂತಾಯಿತು.

ನಾನು ಮಾಡಿದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಹತ್ತಿಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಪೂರ್ತಿ ಕೇಳಿದರು. ನನ್ನ ಹಾಳು ಬಾಯಿ ಅಲ್ಲಿಯೂ ಸುಮ್ಮನಿರಲಿಲ್ಲ. "ನೀವು ನನಗ ಒಂದ್ ಮಾತು ಹೇಳಿದ್ರ ಆಗ್ತಿತ್ತಲ್ರಿ. ಎರಡು ವರ್ಷ ಮದಲೇ ಬಂದಿದ್ರ ಕೇಳೂ ಮಷೀನಿಗಿ ಕಿವಿ ಇನ್ನಾ ಛಲೋ ಹೊಂದ್ಕೋತಿತ್ತು ಅಂತ ಅಪ್ಪಗ ನೋಡಿದ ಡಾಕ್ಟರ್ ಅಂದ್ರು" ಎಂದೆ.

"ಅದು ಖರೆ ಅದ" ಎಂದರು. "ಮಾಸ್ತರ್ ಸಾಬಗ ಜಬಾನ್ ಕೊಟ್ಟಿದ್ದೆ, ಅದ್ಕ ಹೇಳಿಲ್ಲ. ಆ ಗುನ್ಹಾ ನಂದು. ಆದ್ರ ನೀವು ಹೇಳಿದ ಗುನ್ಹಾ ನಂದಲ್ರಿ."

ಸ್ವಲ್ಪ ಹೊತ್ತು ಮಿಕ್ಸರಿನ ಸ್ಕ್ರೂ ತಿರುಗಿಸಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು: "ಮಾಫಿ ಕೇಳೂದು ಛಲೋನೇ. ಆದ್ರ ಬೈದಾಗ ಮಂದಿ ಇದ್ರು ಮೇಡಂ. ಇಲ್ಲಿ ಯಾರದಾರ? ಆ ಗಲ್ಲಿನಾಗ ನಿಂತು ಹೇಳ್ರಿ. ನಾನೂ ಬರ್ತೇನಿ. ಸ್ಟೂಲ್ ಇನ್ನಾ ಹೋಟೆಲಿನಂವನ ಕಡಿನೇ ಅದ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಉಳಿಸಿಕೊಳ್ಳಲಿಲ್ಲ. ಗಲ್ಲಿಯಲ್ಲಿ ನಿಂತು ಹೇಳಿದರೆ ಅಪ್ಪನ ಕಿವಿಯ ವಿಷಯವೂ ಹೇಳಬೇಕಲ್ಲ. ಅಪ್ಪ ಕೈ ಹಿಡಿದುಕೊಂಡರು: ಮಕ್ಕಳ ಪರೀಕ್ಷೆ ಮುಗೀಲಿ, ಶ್ರಾವಣ ಮುಗೀಲಿ, ಆಮೇಲೆ ಪಾಠ ನಾನೇ ನಿಲ್ಲಿಸುತ್ತೇನೆ. ನಾನು ಒಪ್ಪಿದೆ. ಉಸ್ತಾದರು ಮಾಡಿದ್ದನ್ನೇ ನಾನೂ ಮಾಡಿದೆ. ಒಂದೇ ವ್ಯತ್ಯಾಸ: ಅವರು ಅಪ್ಪನ ಗುಟ್ಟು ಕಾಯಲು ತಮ್ಮ ಹೆಸರು ಕೊಟ್ಟರು, ನಾನೂ ಅವರ ಹೆಸರನ್ನೇ ಕೊಟ್ಟೆ.

ಶ್ರಾವಣ ಮುಗಿದ ವಾರ ಔರಾದಿನಿಂದ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅವರ ಮಗಳು ನೀರು ಕೊಟ್ಟಳು, ಕೂಡ್ರಿ ಎಂದಳು. ಅಬ್ಬಾ ನಿಮ್ಮ ದಾರಿ ನೋಡುತ್ತಿದ್ದರು ಎಂದೇನೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಅತ್ತು ಹಗುರಾಗಬಹುದಿತ್ತು. ಎಲ್ಲವನ್ನೂ ಬರೆಯುತ್ತೇನೆ, ಅವರ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. "ಹೆಸರ್ ಬ್ಯಾಡ್ರಿ" ಎಂದಳು. "ಅಬ್ಬಾನ ಹೆಸರು ಒಂದ್ ಸಲ ನಿಮ್ಮ ಬಾಯಾಗ ಬಂದಿತ್ತು. ಸಾಕದ."

ಅಪ್ಪ ಈಗ ಎರಡೂ ಕಿವಿಗೆ ಮಷೀನು ಹಾಕುತ್ತಾರೆ. ವಿಷಯ ಊರಿಗೆಲ್ಲ ಗೊತ್ತಾಯಿತು. ಪಾಠಕ್ಕೆ ಬರುವ ಒಂದು ಮಗುವೂ ಬಿಡಲಿಲ್ಲ. "ಪಾಪ, ಮಾಸ್ತರಿಗಿ ಕೇಳಂಗಿಲ್ಲ, ಜೋರ್ ಹಾಡ್ರಿ" ಎಂದು ತಾಯಂದಿರು ಹೇಳಿ ಕಳಿಸುತ್ತಾರೆ. ಇಷ್ಟಕ್ಕಾಗಿ ಒಬ್ಬ ಮನುಷ್ಯನ ಅಂಗಡಿ ಹೋಯಿತು. ಆ ಮಕ್ಕಳು ಎದೆ ಬಿರಿಯುವಂತೆ ಹಾಡುವುದನ್ನು ಕೇಳಿದಾಗಲೆಲ್ಲ ನನಗೆ ಅಡಿಗೆಮನೆಯ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಒಂದು ದಿನ ಆ ಗಲ್ಲಿಗೆ ಹೋದೆ. ಉಸ್ತಾದರ ಅಂಗಡಿಯಲ್ಲಿ ಈಗ ಮೊಬೈಲಿನ ಕವರುಗಳನ್ನು ಮಾರುತ್ತಾರೆ. ಹೋಟೆಲಿನವನು ಅವನೇ. ಆ ದಿನ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವನು. ಸ್ಟೂಲು ಒಲೆಯ ಪಕ್ಕದಲ್ಲಿತ್ತು, ಮೇಲೆ ಹಾಲಿನ ಕ್ಯಾನು. ಇಲ್ಲಿದ್ದ ಉಸ್ತಾದರ ಬಗ್ಗೆ ಒಂದು ಮಾತು ಹೇಳಬೇಕಿತ್ತು ಎಂದೆ.

"ಯಾರ್ರಿ?" ಎಂದು ಸ್ವಲ್ಪ ಹೊತ್ತು ಯೋಚಿಸಿದ. "ಹಾಂ, ಅಂವಾ! ಬೆನ್ನು ಹಾಕ್ಸಿ ಹಳೇ ಪ್ಲೇಯರ್ ಮಾರ್ತಿದ್ದಂವ?"

ನಾನು ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ. ಅಪ್ಪನ ಕಿವಿ, ಊದುಬತ್ತಿಯ ಕಲೆ, ಕೊಟ್ಟ ಜಬಾನು, ನನ್ನ ನಾಲಿಗೆ, ಒಂದನ್ನೂ ಬಿಡಲಿಲ್ಲ. ಬೆಂಚಿನ ಮೇಲೆ ಮೂವರು ಚಹಾ ಕುಡಿಯುತ್ತಿದ್ದರು. ಒಬ್ಬ ಮೊಬೈಲಿನಿಂದ ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದ. ಒಲೆ ಬುಸುಗುಟ್ಟುತ್ತಿತ್ತು, ಗಲ್ಲಿಯಲ್ಲಿ ಆಟೋಗಳು ಹಾರ್ನು ಹಾಕುತ್ತಿದ್ದವು. ಹೋಟೆಲಿನವನು ಚಹಾ ಸೋಸುತ್ತ, ನನ್ನ ತುಟಿಯನ್ನೇ ನೋಡುತ್ತ, ನಡುನಡುವೆ ತಲೆ ತೂಗುತ್ತಿದ್ದ. ನಾನು ಮುಗಿಸಿದ ಮೇಲೆ "ಹಾಂ, ಖರೆ ಅದ್ರಿ" ಎಂದ. "ಚಹಾ ಒಂದೇ ಏನ್ರಿ?"